ಮಲಿನಜಲದ ಸಂಸ್ಕರಣಸ್ಥಾನಗಳೂ ದುರ್ವಾಸನೆಯ ನಿವಾರಣೆಯೂ

(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಗ್ರಾಮಪ್ರಮುಖರಿಗೂ ಭೂಮಾಲಿಕರಿಗೂ)

ಪಾಯಿಖಾನೆಯ ಗುಂಡಿಗಳಿಂದ ತೆಗೆದ ರಾಡಿಯನ್ನು ತಂದು ಶುದ್ಧಿಮಾಡತಕ್ಕ ಒಂದು ಸ್ಥಾನವನ್ನು ಗ್ರಾಮದಲ್ಲಿ ಏರ್ಪಡಿಸಬೇಕೆಂಬ ಪ್ರಸ್ತಾಪವು ಗ್ರಾಮಸಭೆಯ ಮುಂದೆ ಬಂದೊಡನೆ, ಸಭಿಕರಲ್ಲಿ ಯಾರಾದರೊಬ್ಬರು ಎದ್ದು ನಿಂತು "ನಾತ ಬಂದರೆ ಯಾರು ಹೊಣೆ?" ಎಂದು ಕೇಳುವುದು ವಾಡಿಕೆಯಾಗಿದೆ. ಈ ಪ್ರಶ್ನೆಯನ್ನು ಕೇಳುವವರನ್ನು ಪ್ರಗತಿವಿರೋಧಿಗಳೆಂದು ಹಳಿಯುವುದು ನ್ಯಾಯವಲ್ಲ. ನಡೆಸಲು ತಿಳಿಯದವರ ಕೈಯಲ್ಲಿ ಸಿಕ್ಕಿದ ಇಂತಹ ಸ್ಥಾನಗಳು ಸುತ್ತಲಿನವರ ಊಟನಿದ್ರೆಗಳನ್ನು ಕೆಡಿಸಿರುವುದುಂಟು. ಪಕ್ಕದ ಜಮೀನಿನ ಕ್ರಯವು ಇಳಿದಿರುವುದೂ ಉಂಟು. ಪಟೇಲಿಕೆಯ ಹುದ್ದೆಯು ಕಾನೂನಿನಿಂದ ತೊಲಗಿ ಬಹುಕಾಲ ಸಂದಿದ್ದರೂ, ಇಂತಹ ವಿಷಯಗಳಲ್ಲಿ ಊರಿನ ಮಾತು ತೀರ್ಮಾನವಾಗುವುದು ಈಗಲೂ ಗುತ್ತಿನ ಮನೆಯ ಚಾವಡಿಯಲ್ಲಿಯೂ ಪಂಚಾಯತದ ಜಗಲಿಯಲ್ಲಿಯೂ ಆಗಿರುವುದರಿಂದ, ಹೌದೆನ್ನುವ ಮುಂಚೆ ಯಾವುದನ್ನು ಕೇಳಬೇಕು, ಇಲ್ಲವೆನ್ನುವ ಮುಂಚೆ ಯಾವುದನ್ನು ತಿಳಿಯಬೇಕು ಎಂಬುದನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶವಾಗಿದೆ.

ಸ್ಥಾನವು ಬೇಡವೆಂದು ನಿರಾಕರಿಸಿದ ಮಾತ್ರಕ್ಕೆ ರಾಡಿಯು ಇಲ್ಲವಾಗುವುದಿಲ್ಲ. ೨೦೧೪ರಲ್ಲಿ ಸ್ವಚ್ಛ ಭಾರತದ ಕಾರ್ಯವು ಆರಂಭವಾದಂದಿನಿಂದ ಪಾಯಿಖಾನೆಯಿಲ್ಲದ ಮನೆಯು ನಮ್ಮ ಸೀಮೆಯಲ್ಲಿ ವಿರಳವಾಗಿದೆ. ಉಜಿರೆ, ಮೂಡುಬಿದಿರೆಗಳ ವಿದ್ಯಾರ್ಥಿನಿಲಯಗಳು, ಧರ್ಮಸ್ಥಳದ ಯಾತ್ರಿಕರು, ಬಿ. ಸಿ. ರೋಡಿನ ಅಂಗಡಿಬೀದಿ ಇವುಗಳಿಂದ ತುಂಬುವ ಗುಂಡಿಗಳು ಒಂದಲ್ಲ ಒಂದು ದಿನ ಬರಿದಾಗಲೇಬೇಕು. ಹೀರುಯಂತ್ರದ ಲಾರಿಯು ಬಂದು ಗುಂಡಿಯನ್ನು ಬರಿದು ಮಾಡಿ ಹೋದ ಬಳಿಕ ಅದರ ಹೊರೆಯು ಎಲ್ಲಿಗೆ ಹೋಯಿತೆಂದು ಮನೆಯ ಯಜಮಾನರು ವಿಚಾರಿಸುವುದಿಲ್ಲ. ಇಳಿಸಲು ನಿಯತವಾದ ಸ್ಥಳವಿಲ್ಲದ ಲಾರಿಗೆ ರಾತ್ರಿಯ ಕತ್ತಲೆಯೂ ಒಂದು ತೋಡಿನ ಸಂಕವೂ ಸಾಕು. ಬೆಳ್ತಂಗಡಿಯ ತೋಡುಗಳು ಸೋಮಾವತಿಯನ್ನೂ ನೇತ್ರಾವತಿಯನ್ನೂ ಸೇರುವವು. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡ ನೇತ್ರಾವತಿಯು ಪಾಣೆಮಂಗಳೂರು, ಬಂಟ್ವಾಳಗಳನ್ನು ದಾಟಿ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಂತು ಮಂಗಳೂರು ನಗರಕ್ಕೆ ಕುಡಿಯುವ ನೀರಾಗುವಳು. ಸುರಿದುದು ನದಿಯವರೆಗೆ ಹೋಗದಿದ್ದರೂ ಕ್ಷೇಮವಿಲ್ಲ. ನಮ್ಮ ಮುರಕಲ್ಲಿನ ನೆಲವು ತೂತುತೂತಾಗಿರುವುದರಿಂದ ಮೇಲೆ ಚೆಲ್ಲಿದ ಕೊಳೆಯು ಸೋಸದೆಯೇ ಕೆಳಗಿನ ಬಾವಿಯನ್ನು ಮುಟ್ಟಬಲ್ಲುದು. ಹೀಗೆ ನಾತದ ಭಯದಿಂದ ಸ್ಥಾನವನ್ನು ದೂಡಿದ ಗ್ರಾಮವು ನಾತವಿಲ್ಲದ ರೋಗವನ್ನು ತನ್ನ ಬಾವಿಗೆ ಬರಮಾಡಿಕೊಳ್ಳುವ ಸಂಭವವಿದೆ.

ಇನ್ನು ದುರ್ವಾಸನೆಯ ಹುಟ್ಟನ್ನು ವಿಚಾರಿಸೋಣ. ಮನೆಯಿಂದ ಆಗತಾನೇ ಹೊರಟ ಮಲಿನಜಲಕ್ಕೆ ಹೆಚ್ಚಿನ ವಾಸನೆಯಿಲ್ಲ. ಗಾಳಿಯ ಸಂಪರ್ಕವಿಲ್ಲದೆ ಕೆಲವು ಗಂಟೆಗಳ ಕಾಲ ನಿಂತಾಗ ಅದರಲ್ಲಿರುವ ಆಮ್ಲಜನಕವು ತೀರಿಹೋಗಿ, ಆಮ್ಲಜನಕದ ಅಗತ್ಯವಿಲ್ಲದ ಬೇರೊಂದು ಜಾತಿಯ ಸೂಕ್ಷ್ಮಾಣುಜೀವಿಗಳು ಪ್ರಬಲವಾಗುವವು. ಅವು ನೀರಿನಲ್ಲಿರುವ ಗಂಧಕದ ಲವಣಗಳನ್ನು ಒಡೆದು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡುವವು. ಕೊಳೆತ ಮೊಟ್ಟೆಯ ನಾತವು ಇದರದೇ. ನೀರು ಕಪ್ಪಾಗುವುದೂ ಆ ಹೊತ್ತಿನಲ್ಲಿಯೇ. ಕಣ್ಣು ಉರಿಸುವ ತೀಕ್ಷ್ಣವಾದ ವಾಸನೆಯು ಅಮೋನಿಯದ್ದು. ಅದರ ರೂಪದಲ್ಲಿ ಬೆಳೆಗೆ ಸಲ್ಲಬೇಕಾದ ಸಾರಜನಕವು ಗಾಳಿಗೆ ಹಾರಿಹೋಗುತ್ತಿದೆಯೆಂದು ತಿಳಿಯಬೇಕು. ಹುಳಿತ ವಾಸನೆಯಾದರೋ ಜೀರ್ಣತೊಟ್ಟಿಗೆ ಅದರ ಶಕ್ತಿಯನ್ನು ಮೀರಿ ತುಂಬಿದುದರ ಚಿಹ್ನೆ. ಗಾಳಿಯು ಚೆನ್ನಾಗಿ ಆಡುವ ತೊಟ್ಟಿಯ ಬಳಿಯಲ್ಲಿ ನಿಂತರೆ ಬರುವುದು ಮೊದಲ ಮಳೆಗೆ ನೆಲದಿಂದ ಏಳುವಂತಹ ಮಣ್ಣಿನ ವಾಸನೆ ಮಾತ್ರ. ಆದುದರಿಂದ ಇಂತಹ ಸ್ಥಾನದ ದುರ್ವಾಸನೆಯನ್ನು ಅದರ ಸಹಜಗುಣವೆಂದು ಎಣಿಸಬಾರದು; ಅಲ್ಲಿ ಯಾವುದೋ ಕೆಲಸವು ನಿಂತಿದೆಯೆಂದು ಅರ್ಥ. ಯಾವ ಬಗೆಯ ವಾಸನೆಯೆಂಬುದನ್ನು ಮೂಗು ಹೇಳಿದರೆ ಯಾವ ಕೆಲಸವು ನಿಂತಿದೆಯೆಂಬುದನ್ನೂ ಬಹಳಮಟ್ಟಿಗೆ ಊಹಿಸಬಹುದು.

ಈ ತತ್ತ್ವವು ನಮ್ಮ ಹಿರಿಯರಿಗೆ ಅಪರಿಚಿತವಾಗಿರಲಿಲ್ಲ. ಹಟ್ಟಿಗೆ ದಿನವೂ ಹಸಿ ಸೊಪ್ಪನ್ನೂ ತರಗೆಲೆಯನ್ನೂ ಹಾಸಿ, ಸೆಗಣಿ ಗಂಜಳಗಳನ್ನು ಅದರಲ್ಲಿಯೇ ಇಂಗಿಸಿ, ವಾರಗಟ್ಟಲೆ ತೆಗೆಯದೆ ಬಿಟ್ಟರೂ ಒಳ್ಳೆಯ ಹಟ್ಟಿಯಲ್ಲಿ ನಾತವಿರುತ್ತಿರಲಿಲ್ಲ. ಒಣಗಿದ ಸೊಪ್ಪು ತೇವವನ್ನು ಹೀರಿ, ನಡುವೆ ಗಾಳಿಗೆ ಎಡೆಕೊಟ್ಟು, ಸಾರಜನಕವನ್ನು ಹಿಡಿದಿಡುತ್ತಿತ್ತು. ಸೊಪ್ಪನ್ನು ಕಡಿಮೆಮಾಡಿದ ಹಟ್ಟಿಯು ಮೂರೇ ದಿನಗಳಲ್ಲಿ ಯಜಮಾನನ ಆಲಸ್ಯವನ್ನು ದಾರಿಹೋಕರಿಗೂ ಸಾರಿ ಹೇಳುತ್ತಿತ್ತು.

ಸೀಮೆಯಾಚೆಯ ವೃತ್ತಾಂತವನ್ನೂ ಸ್ವಲ್ಪ ನೋಡಬಹುದು. ೧೮೫೮ರ ಬೇಸಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿಯು ಎಷ್ಟು ನಾರಿತೆಂದರೆ, ದಡದ ಮೇಲಿದ್ದ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ನೆನೆಸಿ ತೂಗುಹಾಕಬೇಕಾಯಿತು. ವರ್ಷಗಳಿಂದ ತೂಗಾಡುತ್ತಿದ್ದ ಚರಂಡಿಯ ಮಸೂದೆಯು ಆಮೇಲೆ ಕೆಲವೇ ದಿನಗಳಲ್ಲಿ ಅಂಗೀಕೃತವಾಯಿತು. (ನಾತವು ಅಧಿಕಾರಸ್ಥರ ಮನೆಯನ್ನು ಹೊಕ್ಕ ಬಳಿಕವೇ ಪರಿಹಾರವು ಬೇಗನೆ ದೊರೆಯುವುದು ಎಲ್ಲ ದೇಶಗಳಲ್ಲಿಯೂ ಒಂದೇ ತೆರನೆಂದು ತೋರುತ್ತದೆ.) ೧೮೬೦ರಲ್ಲಿ ಹೆನ್ರಿ ಮೌಲ್ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬರು, ಒಣಮಣ್ಣನ್ನು ಮೇಲೆ ಉದುರಿಸಿದಲ್ಲಿ ಮಲದ ವಾಸನೆಯು ಅಡಗುವುದೆಂದು ಕಂಡುಕೊಂಡು ಮಣ್ಣಿನ ಪಾಯಿಖಾನೆಗೆ ಪೇಟೆಂಟು ಪಡೆದರು. ೧೯೧೪ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಮಲಿನಜಲಕ್ಕೆ ಗಾಳಿಯೂದಿ, ಕೆಳಗೆ ಕುಳಿತ ಕೆಸರನ್ನು ಮತ್ತೆ ಮತ್ತೆ ಉಪಯೋಗಿಸಿ ಶುದ್ಧಿಮಾಡುವ ಕ್ರಮವನ್ನು ಪ್ರಕಟಿಸಿದರು. ಆ ಸಂಶೋಧನೆಗೆ ಪ್ರೇರಕರಾಗಿದ್ದ ಗಿಲ್ಬರ್ಟ್ ಫೌಲರ್ ಎಂಬವರು ೧೯೧೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರು. ಮುಂದೆ ೧೯೩೯ರ ಸುಮಾರಿಗೆ ಬೆಂಗಳೂರಿನಲ್ಲಿಯೇ ಸಿ. ಎನ್. ಆಚಾರ್ಯರು ಊರಿನ ಕಸವನ್ನೂ ಮಲವನ್ನೂ ಕೂಡಿಸಿ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದರು. ಸುಮಾರು ಮೂರಡಿ ಆಳದ ಕಂದಕದಲ್ಲಿ ಆರಂಗುಲ ಕಸ, ಅದರ ಮೇಲೆ ಎರಡಂಗುಲ ಮಲ, ಮತ್ತೆ ಕಸ, ಹೀಗೆ ಪದರಪದರವಾಗಿ ಹರಡಿ, ಕೊನೆಗೆ ಮೇಲ್ಭಾಗವನ್ನು ಮಣ್ಣಿನಿಂದ ಮುಚ್ಚಿ ಆರೆಂಟು ತಿಂಗಳು ಬಿಡುವುದು ಅದರ ಕ್ರಮ. ನೊಣವೂ ನಾತವೂ ಏಳದಿರುವುದಕ್ಕೆ ಆ ಮಣ್ಣಿನ ಹೊದಿಕೆಯೇ ಕಾರಣ. ಮಲವನ್ನು ಮನುಷ್ಯರಿಂದ ಹೊರಿಸಿ ಆ ಕೆಲಸವನ್ನು ಮಾಡಿಸುತ್ತಿದ್ದ ಪದ್ಧತಿಯು ಕಾನೂನಿನಿಂದ ನಿಷಿದ್ಧವಾಗಿದೆ, ಹಾಗಾದುದು ಯುಕ್ತವೇ. ಆದರೆ ವಿಧಾನದಲ್ಲಿ ಅಡಗಿರುವ ಸತ್ಯವು ಹಳತಾಗಿಲ್ಲ.

ಈಗಿನ ಸ್ಥಾನಗಳಿಗೆ ಬರೋಣ. ೨೦೧೫ರಲ್ಲಿ ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ ಗುಂಡಿಗಳ ರಾಡಿಗಾಗಿಯೇ ಒಂದು ಸಂಸ್ಕರಣಾ ಘಟಕವು ಏರ್ಪಟ್ಟಿತು. ಪಟ್ಟಣವೊಂದಕ್ಕಾಗಿ ಭಾರತದಲ್ಲಿ ನಿರ್ಮಿತವಾದ ಇಂತಹ ಘಟಕಗಳಲ್ಲಿ ಅದೇ ಮೊದಲನೆಯದು. ದಿನಕ್ಕೆ ಆರು ಸಾವಿರ ಲೀಟರು ಅದರ ಅಳತೆ. ರಾಡಿಯು ಇಳಿಜಾರಿನಲ್ಲಿ ತಾನಾಗಿ ಹರಿದು ಜೀರ್ಣತೊಟ್ಟಿ, ಒಣಗಿಸುವ ಪಾತಿಗಳನ್ನು ಹಾಯುವುದರಿಂದ ಸಂಸ್ಕರಣಕ್ಕೆ ವಿದ್ಯುಚ್ಛಕ್ತಿಯ ಹಂಗಿಲ್ಲ. ಒಣಗಿದ ಕೆಸರನ್ನು ಪಟ್ಟಣದ ಹಸಿಕಸದೊಡನೆ ಕೊಳೆಯಿಸಿ ಗೊಬ್ಬರ ಮಾಡುವರು. ನಮ್ಮ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿಯೂ ಗ್ರಾಮದ ಮಟ್ಟದ ಮಲತ್ಯಾಜ್ಯ ಘಟಕವು ಏರ್ಪಟ್ಟಿದೆ. ಗಾಳಿಯೂದುವ ಯಂತ್ರಗಳುಳ್ಳ ದೊಡ್ಡ ಸ್ಥಾನಗಳನ್ನು ನೋಡಬೇಕಾದವರು ಮಂಗಳೂರಿನ ಕಾವೂರು, ಬಜಾಲುಗಳಿಗೆ ಹೋಗಬಹುದು. ಒಂದು ಮಾತನ್ನು ಇಲ್ಲಿಯೇ ಹೇಳಬೇಕು: ಯಂತ್ರದ ಸ್ಥಾನದಲ್ಲಿ ವಿದ್ಯುತ್ತು ಬಹಳ ಹೊತ್ತು ನಿಂತರೆ ತೊಟ್ಟಿಯ ಆಮ್ಲಜನಕವು ತೀರಿ ನಾತವು ಏಳದೆ ಇರದು. ಆಟಿಯ ಗಾಳಿಮಳೆಗೆ ಮರಬಿದ್ದು ತಂತಿ ಕಡಿಯುವ ನಮ್ಮ ಹಳ್ಳಿಗಳಿಗೆ ಇಳಿಜಾರಿನಿಂದಲೇ ನಡೆಯುವ ಘಟಕವು ಹೆಚ್ಚು ಹೊಂದುವುದೆಂದು ನಮ್ಮ ಅಭಿಪ್ರಾಯ. ಯಂತ್ರವೇ ಬೇಕಾದಲ್ಲಿ ಜನರೇಟರಿಗೂ ಅದರ ಎಣ್ಣೆಯ ಖರ್ಚಿಗೂ ಮೊದಲೇ ಏರ್ಪಾಡಿರಬೇಕು.

ಘಟಕದೊಳಗೆ ಎಲ್ಲ ಕಡೆಗಳಿಂದಲೂ ನಾತವು ಸಮನಾಗಿ ಏಳುವುದಿಲ್ಲ. ಲಾರಿಯು ರಾಡಿಯನ್ನು ಇಳಿಸುವ ಬಾಯಿಯೇ ಪ್ರಧಾನವಾದ ಸ್ಥಳ. ಎತ್ತರದಿಂದ ಧುಮುಕುವ ರಾಡಿಯು ಕದಡಿ, ಅದರಲ್ಲಿ ಕರಗಿದ್ದ ಅನಿಲವನ್ನೆಲ್ಲ ಒಮ್ಮೆಗೇ ಹೊರಚೆಲ್ಲುವುದು. ಲಾರಿಯ ಕೊಳವೆಯ ತುದಿಯನ್ನು ತೊಟ್ಟಿಯ ದ್ರವದೊಳಗೆ ಮುಳುಗುವಂತೆ ಜೋಡಿಸಿದಲ್ಲಿ ಈ ಉಪದ್ರವವು ಬಹಳ ಇಳಿಯುವುದು. ಇದಕ್ಕೆ ತಗಲುವ ವೆಚ್ಚವು ಒಂದು ಮೊಣಕೈ ಕೊಳವೆಯದು ಮಾತ್ರ. ಕಸತಡೆಯುವ ಸರಳುಗಳಲ್ಲಿ ಸಿಕ್ಕಿಕೊಂಡ ಬಟ್ಟೆ, ಪ್ಲಾಸ್ಟಿಕುಗಳನ್ನು ದಿನದಿನವೂ ತೆಗೆದು ಸುಣ್ಣ ಬೆರೆಸಿ ಹೂಳತಕ್ಕದ್ದು. ಇಳಿಸುವ ತೊಟ್ಟಿಗೂ ಜೀರ್ಣತೊಟ್ಟಿಗೂ ಬಿಗಿಯಾದ ಮುಚ್ಚಳವಿರಬೇಕು.

ಮುಚ್ಚಿದ ತೊಟ್ಟಿಯೊಳಗೆ ಶೇಖರವಾದ ಅನಿಲವನ್ನು ಏನು ಮಾಡಬೇಕು? ಬರಿಯ ಎತ್ತರದ ಕೊಳವೆಯಿಂದ ಬಿಟ್ಟರೆ ನಾತವು ಪಕ್ಕದ ಮನೆಯನ್ನು ಬಿಟ್ಟು ಅದರಾಚೆಯ ಮನೆಗೆ ಹೋದೀತು. ಇದಕ್ಕೆ ಜೀವಶೋಧಕವೆಂಬ ಸುಲಭವಾದ ಉಪಾಯವಿದೆ. ಮೂರಡಿ ದಪ್ಪಕ್ಕೆ ತೆಂಗಿನ ನಾರು, ಮರದ ಚೂರು, ಹಳೆಯ ಗೊಬ್ಬರಗಳನ್ನು ಕೂಡಿಸಿ ತುಂಬಿದ ಒಂದು ಪೆಟ್ಟಿಗೆಯ ತಳದಿಂದ ಈ ಅನಿಲವನ್ನು ಸಣ್ಣ ಬೀಸಣಿಗೆಯ ಯಂತ್ರದ ಸಹಾಯದಿಂದ ಮೇಲಕ್ಕೆ ಹಾಯಿಸುವರು. ಅದು ಪದರದೊಳಗೆ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ತಂಗಿದರೆ, ನಾರಿನ ಮೇಲೆ ನೆಲಸಿರುವ ಸೂಕ್ಷ್ಮಾಣುಜೀವಿಗಳು ದುರ್ವಾಸನೆಯ ದ್ರವ್ಯವನ್ನು ಆಹಾರವಾಗಿ ತಿಂದುಬಿಡುವವು. ನಮ್ಮ ತೋಟಗಳಲ್ಲಿ ರಾಶಿಬಿದ್ದಿರುವ ತೆಂಗಿನ ಸಿಪ್ಪೆಗೂ ಅಡಿಕೆಯ ಸಿಪ್ಪೆಗೂ ಇದರಲ್ಲಿ ಉಪಯೋಗವಿದೆ. ಆದರೆ ಇದು ಒಮ್ಮೆ ಕಟ್ಟಿ ಮರೆತುಬಿಡತಕ್ಕ ವಸ್ತುವಲ್ಲ. ಬೇಸಗೆಯಲ್ಲಿ ಪದರವು ಒಣಗಿದರೆ ಜೀವಿಗಳು ಸಾಯುವವು. ಮುಷ್ಟಿಯಲ್ಲಿ ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮಳೆಗಾಲದಲ್ಲಿ ಮಾಡು ಇಲ್ಲದೆ ನೆನೆದು ನೀರುನಿಂತರೆ ಶೋಧಕವೇ ನಾರತೊಡಗುವುದು. ಕೆಲವು ವರ್ಷಗಳಿಗೊಮ್ಮೆ ನಾರನ್ನು ಬದಲಾಯಿಸಿ ಹಳತನ್ನು ಗೊಬ್ಬರದ ಗುಂಡಿಗೆ ಸೇರಿಸಬೇಕು. ಕಬ್ಬಿಣದ ತುಕ್ಕಿಗೆ ಹೈಡ್ರೋಜನ್ ಸಲ್ಫೈಡನ್ನು ಹಿಡಿದಿಡುವ ಗುಣವಿರುವುದರಿಂದ ಗೋಬರ್ ಅನಿಲವನ್ನು ಕಬ್ಬಿಣದ ಚೂರುಗಳ ಮೂಲಕ ಹಾಯಿಸಿ ಶೋಧಿಸುವ ವಾಡಿಕೆಯೂ ಇದೆ.

ಒಣಗಿಸುವ ಪಾತಿಗಳೇ ನಮ್ಮ ಸೀಮೆಯ ವಿಶೇಷ ತೊಡಕು. ಬಯಲುಸೀಮೆಯಲ್ಲಿ ಬರೆದ ನಕ್ಷೆಯನ್ನು ಹಾಗೆಯೇ ಇಲ್ಲಿಗೆ ತಂದರೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಪಾತಿಗಳು ಕೆರೆಗಳಾಗುವವು. ಬೆಳಕು ಹಾಯುವ ಹಾಳೆಯ ಮಾಡು, ಸುತ್ತಲೂ ಗಾಳಿಯಾಡುವ ತೆರಪು, ಹೊರಗಿನ ನೀರು ನುಗ್ಗದಂತೆ ಎತ್ತರದ ಅಂಚು, ಇವು ಮೂರೂ ಇಲ್ಲದ ಪಾತಿಯನ್ನು ಒಪ್ಪತಕ್ಕದ್ದಲ್ಲ. ಚೆನ್ನಾಗಿ ಜೀರ್ಣವಾದ ಕೆಸರಿಗೆ ಹೆಚ್ಚು ವಾಸನೆಯಿಲ್ಲ. ಅರೆಜೀರ್ಣವಾದುದನ್ನು ಅವಸರದಿಂದ ಹರಡುವುದು, ಎಂಟು ಹತ್ತು ಅಂಗುಲವಿರಬೇಕಾದಲ್ಲಿ ಎರಡಡಿ ತುಂಬುವುದು, ಹಿಂದಿನದು ಒಣಗುವ ಮೊದಲೇ ಅದರ ಮೇಲೆ ಹೊಸತನ್ನು ಸುರಿಯುವುದು, ಇವೇ ಎಲ್ಲೆಲ್ಲಿಯೂ ಕಂಡುಬರುವ ತಪ್ಪುಗಳು. ಗುತ್ತಿಗೆದಾರನಿಗೆ ಲಾರಿಯ ಲೆಕ್ಕದಲ್ಲಿ ಹಣ ಸಲ್ಲುವುದಾದರೆ ಈ ತಪ್ಪುಗಳು ಆಗದೆ ಇರುವುದು ಕಷ್ಟ. ಆದುದರಿಂದ ದಿನಕ್ಕೆ ಎಷ್ಟು ಲಾರಿಗಳೆಂಬ ಮಿತಿಯು ಕರಾರಿನಲ್ಲಿ ಸ್ಪಷ್ಟವಾಗಿರಬೇಕು.

ಸುವಾಸನೆಯ ದ್ರವವನ್ನು ಸಿಂಪಡಿಸಿ ನಾತವನ್ನು ಮರೆಸುವ ಔಷಧಿಗಳು ಮಾರಾಟಕ್ಕೆ ಬರುತ್ತಿವೆ. ಇವುಗಳಿಗೆ ಹಣಹಾಕುವುದು ವ್ಯರ್ಥ. ಮಲ್ಲಿಗೆಯೂ ಮಲವೂ ಕೂಡಿದ ವಾಸನೆಯು ಬರಿಯ ಮಲದ ವಾಸನೆಗಿಂತ ಅಸಹ್ಯ. ಬ್ಲೀಚಿಂಗ್ ಪುಡಿಯನ್ನು ತೊಟ್ಟಿಗೆ ಸುರಿದರೆ ಜೀರ್ಣಕಾರ್ಯವನ್ನು ನಡೆಸತಕ್ಕ ಜೀವಿಗಳೇ ನಾಶವಾಗುವವು. ಸುಣ್ಣದ ವಿಷಯವು ಸ್ವಲ್ಪ ಸೂಕ್ಷ್ಮವಾದುದು. ಸುಣ್ಣ ಬೆರೆತ ಕೆಸರಿನಿಂದ ಮೊಟ್ಟೆಯ ನಾತವು ಏಳುವುದು ನಿಲ್ಲುವುದು ನಿಜ, ಆದರೆ ಅದೇ ಸುಣ್ಣವು ಅಮೋನಿಯವನ್ನು ಹೊರಗಟ್ಟುವುದು. ಕಣ್ಣುರಿಯ ಜೊತೆಗೆ ಗೊಬ್ಬರದ ಸಾರವೂ ಹೋಗುವುದು. ಗೊಬ್ಬರದ ಗುಂಡಿಗೆ ಒಲೆಯ ಬೂದಿಯನ್ನು ಯಥೇಚ್ಛವಾಗಿ ಸುರಿಯುವವರಿಗೂ ಈ ಮಾತು ಅನ್ವಯಿಸುತ್ತದೆ. ತುರ್ತಿನಲ್ಲಿ ಸುಣ್ಣ, ನಿತ್ಯಕ್ಕೆ ಒಣಮಣ್ಣು ಮತ್ತು ತರಗೆಲೆ, ಎಂದು ಇಟ್ಟುಕೊಳ್ಳುವುದು ಲೇಸು.

ಸ್ಥಳವನ್ನು ಆರಿಸುವಲ್ಲಿ ಊರಿನ ಹಿರಿಯರ ತಿಳುವಳಿಕೆಯು ಇಂಜಿನಿಯರರ ನಕ್ಷೆಗಿಂತ ಹೆಚ್ಚಿನ ಬೆಲೆಯುಳ್ಳದ್ದು. ನಮ್ಮ ನೆಲವು ಬೈಲು, ಮಜಲು, ಬೆಟ್ಟು ಎಂದು ಮೆಟ್ಟಲುಮೆಟ್ಟಲಾಗಿದೆ. ಮನೆಗಳಿಲ್ಲದ ಗುಡ್ಡೆಯ ನೆತ್ತಿಯೇ ಘಟಕಕ್ಕೆ ಉತ್ತಮವೆಂದು ಮೇಲ್ನೋಟಕ್ಕೆ ತೋರುವುದು. ಹಗಲಿನಲ್ಲಿ ಅದು ಸರಿ. ಬಿಸಿಲಿಗೆ ಗಾಳಿಯು ಏರಿ, ಕಡಲಿನಿಂದ ಬೀಸುವ ಗಾಳಿಯಲ್ಲಿ ನಾತವು ಚದರಿಹೋಗುವುದು. ರಾತ್ರಿಯಾದರೋ ಗುಡ್ಡೆಯ ಮೇಲಿನ ಗಾಳಿಯು ತಣಿದು ಭಾರವಾಗಿ, ನೀರಿನಂತೆಯೇ ಇಳಿಜಾರನ್ನು ಹಿಡಿದು ಬೈಲಿಗೆ ಹರಿಯುವುದು. ಚಳಿಗಾಲದ ಮುಂಜಾನೆ ಬೈಲಿನಲ್ಲಿ ಮಂಜು ಕುಳಿತಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಂಜು ಕೂರುವಲ್ಲಿ ನಾತವೂ ಕೂರುವುದು. ಆದುದರಿಂದ ಗೊತ್ತುಮಾಡಿದ ಸ್ಥಳದಲ್ಲಿ ಡಿಸೆಂಬರ್, ಜನವರಿಯ ಕೆಲವು ಸಂಜೆಗಳಲ್ಲಿ ತರಗೆಲೆಗೆ ಬೆಂಕಿಯಿಟ್ಟು, ಹೊಗೆಯು ಯಾರ ಮನೆಯ ಕಡೆಗೆ ಇಳಿಯುವುದೆಂದು ನೋಡಿದರೆ, ಮುಂದಿನ ಜಗಳವನ್ನು ಮೊದಲೇ ಕಂಡಂತಾಗುವುದು. ಹೊಳೆಯ ದಡವು ಎಂದಿಗೂ ಬೇಡ. ೧೯೨೩ರಲ್ಲಿಯೂ ೧೯೭೪ರಲ್ಲಿಯೂ ನೇತ್ರಾವತಿಯು ಬಂಟ್ವಾಳದಲ್ಲಿ ಎಲ್ಲಿಯವರೆಗೆ ಏರಿದ್ದಳೆಂಬುದು ಹಳೆಯ ಮನೆಗಳಿಗೆ ತಿಳಿದಿದೆ, ೨೦೧೯ರ ಆಗಸ್ಟಿನ ನೆರೆಯನ್ನು ಬೆಳ್ತಂಗಡಿಯವರು ಮರೆತಿಲ್ಲ. ಸುತ್ತಲೂ ಬಿದಿರು, ಮರಗಳನ್ನು ಬೆಳೆಸುವುದರಿಂದ ಗಾಳಿಯು ಮೇಲಕ್ಕೆದ್ದು ವಾಸನೆಯು ತೆಳುವಾಗುವುದು. ಆದರೆ ಕೆಟ್ಟ ನಿರ್ವಹಣೆಯನ್ನು ಮರಗಳು ಮುಚ್ಚಲಾರವು. ಕುಮ್ಕಿಯ ತಕರಾರಿದ್ದಲ್ಲಿ ಅದನ್ನು ಕೆಲಸದ ಮೊದಲೇ ತೀರಿಸಿಕೊಳ್ಳಬೇಕು.

ನಾತವು ಬರಿಯ ಅಸಹ್ಯದ ವಿಷಯವಲ್ಲವೆಂಬುದಕ್ಕೆ ಇದೊಂದು ವಿವರವನ್ನು ಪ್ರತಿಯೊಬ್ಬ ಯಜಮಾನನೂ ನೆನಪಿಡಬೇಕು. ಹೈಡ್ರೋಜನ್ ಸಲ್ಫೈಡ್ ಅನಿಲವು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದಾಗಲೂ ಮೂಗಿಗೆ ತಿಳಿಯುವುದು. ಅದು ನೂರು ಭಾಗದಷ್ಟಾದಾಗ ಘ್ರಾಣಶಕ್ತಿಯೇ ಕುಂದಿ, ವಾಸನೆಯು ನಿಂತಂತೆ ತೋರುವುದು. ಐನೂರನ್ನು ಮೀರಿದಲ್ಲಿ ಮನುಷ್ಯನು ಕೆಲವೇ ನಿಮಿಷಗಳಲ್ಲಿ ಎಚ್ಚರದಪ್ಪಿ ಬೀಳುವನು. ಗಾಳಿಗಿಂತ ಭಾರವಾದ ಈ ಅನಿಲವು ಗುಂಡಿಯ ತಳದಲ್ಲಿಯೇ ನಿಂತಿರುವುದು. "ಮುಚ್ಚಳ ತೆಗೆದಾಗ ನಾತವಿತ್ತು, ಈಗ ಇಲ್ಲ, ಇಳಿಯಬಹುದು" ಎಂಬ ಮಾತು ಎಷ್ಟೋ ಜೀವಗಳನ್ನು ಬಲಿತೆಗೆದುಕೊಂಡಿದೆ. ಬಿದ್ದವನನ್ನು ಎತ್ತಲು ಇಳಿದ ಎರಡನೆಯವನೂ ಮೂರನೆಯವನೂ ಮೇಲೆ ಬಂದಿಲ್ಲ. ರಕ್ಷಣಾಸಾಧನಗಳಿಲ್ಲದೆ ಕೂಲಿಯಾಳನ್ನು ಗುಂಡಿಗೆ ಇಳಿಸುವುದು ೨೦೧೩ರ ಶಾಸನದ ಪ್ರಕಾರ ಶಿಕ್ಷಾರ್ಹ ಅಪರಾಧ. ಇಂತಹ ಮರಣಕ್ಕೆ ಸಲ್ಲಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು ೨೦೨೩ರಲ್ಲಿ ಮೂವತ್ತು ಲಕ್ಷ ರೂಪಾಯಿಗಳಿಗೆ ಏರಿಸಿದೆ. ತಮ್ಮ ಮನೆಯ ಗುಂಡಿಗೂ ಇದು ಅನ್ವಯವಾಗುವುದೆಂದು ಭೂಮಾಲಿಕರು ತಿಳಿಯಬೇಕು.

ಸ್ವಂತ ಅಂಗಳದ ನಾತವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ರಬ್ಬರು ಹಾಳೆ ಮಾಡುವ ಶೆಡ್ಡಿನಿಂದ ಹೊರಬೀಳುವ ಹಾಲುನೀರು ನಿಂತು ನಾರುವುದು ಬೆಳ್ತಂಗಡಿಯ ಕಡೆಯಲ್ಲಿ ಸಾಮಾನ್ಯವಾಗಿದೆ. ಹಾಲನ್ನು ಹೆಪ್ಪುಗಟ್ಟಿಸಲು ಅಗ್ಗವೆಂದು ಗಂಧಕಾಮ್ಲವನ್ನು ಬಳಸಿದಲ್ಲಿ ಆ ಗಂಧಕವೇ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡಾಗಿ ಮಾರ್ಪಡುವುದು. ಫಾರ್ಮಿಕ್ ಆಮ್ಲವನ್ನು ಬಳಸುವವರಿಗೆ ಈ ತೊಂದರೆಯು ಕಡಿಮೆ. ಗೋಬರ್ ಅನಿಲದ ತೊಟ್ಟಿಯಿಂದ ಬರುವ ಬಗ್ಗಡವು ಹುಳಿನಾತ ಬೀರಿದರೆ ಸೆಗಣಿಯನ್ನು ಕೆಲವು ದಿನ ಕಡಿಮೆಮಾಡಬೇಕು. ಹೊಸದಾಗಿ ಪಾಯಿಖಾನೆ ಕಟ್ಟಿಸುವವರು ಜೋಡಿಗುಂಡಿಗಳನ್ನು ಮಾಡಿಸಿ, ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ಎರಡು ವರ್ಷ ಬಿಟ್ಟಲ್ಲಿ, ತೆಗೆಯುವಾಗ ದೊರೆಯುವುದು ವಾಸನೆಯಿಲ್ಲದ ಪುಡಿಗೊಬ್ಬರ. ಹಸಿ ರಾಡಿಯನ್ನು ಲಾರಿಯಿಂದ ನೇರವಾಗಿ ತೋಟಕ್ಕೆ ಬಿಡಿಸಿಕೊಳ್ಳುವ ಆಸೆಯು ಕೆಲವರಿಗೆ ಹುಟ್ಟಬಹುದು. ಅದು ಕೂಡದು, ಅದರಲ್ಲಿರುವ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಿಸಬಲ್ಲವು. ಚೆನ್ನಾಗಿ ಕಾವೇರಿ ಕೊಳೆತು ಪಕ್ವವಾದ ಗೊಬ್ಬರವನ್ನು ತೆಂಗು ಅಡಿಕೆಗಳ ಬುಡದಲ್ಲಿ ಮಣ್ಣು ಮುಚ್ಚಿ ಬಳಸಬಹುದು. ಹಸಿಯಾಗಿ ತಿನ್ನುವ ತರಕಾರಿಗೆ ಬೇಡ.

ಕೊನೆಯದಾಗಿ, ಸ್ಥಳಕ್ಕೆ ಒಪ್ಪಿಗೆ ಕೊಡುವ ಗ್ರಾಮವು ತನ್ನ ನಿರ್ಣಯದಲ್ಲಿ ಬರೆಸಿಕೊಳ್ಳಬೇಕಾದುದೇನು? ಮುಳುಗುವ ಕೊಳವೆ, ಮುಚ್ಚಳ, ಜೀವಶೋಧಕ, ಪಾತಿಗಳ ಮಾಡು ಇವು ಘಟಕವನ್ನು ತೆರೆಯುವ ದಿನಕ್ಕೇ ಸಿದ್ಧವಿರಬೇಕು, ಆಮೇಲೆ ಮಾಡುವೆವೆಂಬ ಮಾತು ಸಲ್ಲದು. ದಿನದ ಲಾರಿಗಳ ಸಂಖ್ಯೆಯೂ ಇಳಿಸುವ ವೇಳೆಯೂ ನಿಶ್ಚಿತವಾಗಿರಬೇಕು; ಸೂರ್ಯಾಸ್ತದ ಬಳಿಕ ಇಳಿಸಕೂಡದು. ನಾತದ ದೂರನ್ನು ಬರೆಯಲು ಘಟಕದ ಬಾಗಿಲಲ್ಲಿ ಒಂದು ಪುಸ್ತಕವಿರಲಿ. ದಿನ, ಗಂಟೆ, ಗಾಳಿಯ ದಿಕ್ಕು, ಮೊಟ್ಟೆಯ ನಾತವೋ ಕಣ್ಣುರಿಯೋ ಹುಳಿಯೋ ಎಂಬುದನ್ನು ನೆರೆಮನೆಯವರೇ ಬರೆಯಲಿ. ತಿಂಗಳಿಗೊಮ್ಮೆ ಪಂಚಾಯತದವರೂ ಘಟಕವನ್ನು ನಡೆಸುವವರೂ ಒಟ್ಟಿಗೆ ಕುಳಿತು ಅದನ್ನು ಓದಿ, ಏನು ಸರಿಪಡಿಸಿದೆಯೆಂದು ಎದುರಿನ ಪುಟದಲ್ಲಿ ಬರೆದು ರುಜುಹಾಕತಕ್ಕದ್ದು. ಮಾಡಿನ ಹಾಳೆ, ಅಂಚಿನ ಕಟ್ಟೆ, ಶೋಧಕದ ನಾರು ಇವುಗಳ ತಪಾಸಣೆಯನ್ನು ವರ್ಷವರ್ಷವೂ ಪತ್ತನಾಜೆಯ ಒಳಗೆ ಮುಗಿಸಿರಬೇಕು.